ಎಡಗಾಲಿನ ಅಳತೆ

"ನೀವೇ ಅಳತೆ ತಗೊಳ್ಳೋದಾ?!"

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆ ಎತ್ತರದ ಗಂಡಸು ಇನ್ನೇನು ತಿರುಗಿ ಓಡಿಬಿಡುವವನಂತೆ ಕಾಣುತ್ತಿದ್ದ.

ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಧೂಳು ಮೆತ್ತಿದ ಬೂಟು, ಬಿಸಿಲಿಗೆ ಕಂದಿದ ಮುಖ, ಬಗಲಲ್ಲಿ ಸುತ್ತಿಟ್ಟುಕೊಂಡ ಒಂದು ನಕ್ಷೆ.

"ನಾನೇ. ಅಪ್ಪನಿಗೆ ಮಂಡಿ ಬಗ್ಗಲ್ಲ, ಪ್ಯಾಂಟಿನ ಅಳತೆ ಬಗ್ಗದೆ ಆಗಲ್ಲ. ನಾಚಿಕೆ ಆದ್ರೆ ಕಣ್ಣು ಮುಚ್ಕೊಳ್ಳಿ. ಬಹಳ ಜನ ಹಾಗೇ ಮಾಡ್ತಾರೆ."

ಇಸ್ತ್ರಿ ಮೇಜಿನ ಹಿಂದೆ ಅಪ್ಪ ಮುಸಿಮುಸಿ ನಕ್ಕರು.

"ನಾಚಿಕೆ ಯಾಕೆ? ನಾನೂ ಅಳೆಯೋನೇ," ಎನ್ನುತ್ತ ಅವನು ಒಳಗೆ ಬಂದ. "ಸರ್ವೇಯರ್. ದಿನಾ ಜಮೀನು ಅಳೀತೀನಿ. ಆದ್ರೆ ನನ್ನನ್ನ ಇವತ್ತಿನವರೆಗೂ ಯಾರೂ ಅಳೆದಿಲ್ಲ. ಇಷ್ಟು ದಿನ ರೆಡಿಮೇಡೇ ಹಾಕ್ತಿದ್ದೆ."

"ಜಮೀನು ಅಲುಗಾಡಲ್ಲ. ನೀವೂ ಅಲುಗಾಡಬೇಡಿ. ನೆಟ್ಟಗೆ ನಿಲ್ಲಿ."

ಅವನು ನಿಂತ. ಕಣ್ಣು ಮಾತ್ರ ಮುಚ್ಚಲಿಲ್ಲ...! ಸೊಂಟಕ್ಕೆ ಟೇಪು ಸುತ್ತುವಾಗ ಅವಳ ಬೆರಳು ಯಾಕೋ ತಣ್ಣಗಾದವು. ಎರಡು ವರ್ಷದಿಂದ ದಿನಕ್ಕೆ ಹತ್ತು ಗಂಡಸರ ಅಳತೆ ತೆಗೆಯುವವಳಿಗೆ ಇವತ್ತೇನು ಬಂತು?

"ಟೇಪು ಸಡಿಲ ಹಿಡಿದಿದ್ದೀರಿ," ಎಂದ ಸರ್ವೇಯರ್.

"ಮೊದಲು ಉಸಿರು ಬಿಡಿ ಸಾರ್. ಹೊಟ್ಟೆ ಒಳಗೆಳ್ಕೊಂಡು ಎಷ್ಟು ಹೊತ್ತು ಅಂತ ನಿಲ್ತೀರಾ?"

ಅಪ್ಪ ಈ ಸಲ ಜೋರಾಗಿಯೇ ನಕ್ಕರು. ಅವನ ಮುಖ ಕೆಂಪಾಯಿತು. ಅವಳದೂ.

ಈಗ ಆ ಅಂಗಡಿಯ ಒಂದು ಪದ್ಧತಿಯನ್ನು ಹೇಳಲೇಬೇಕು. ಮುಂದೆ ಆದದ್ದೆಲ್ಲ ಅದರಿಂದಲೇ. ಬೇರೆ ಟೈಲರುಗಳು ಒಂದು ತೊಡೆ ಅಳೆದು ಎರಡಕ್ಕೂ ಅದನ್ನೇ ಕತ್ತರಿಸುತ್ತಾರೆ. ಅಪ್ಪ ಹಾಗಲ್ಲ. ಎರಡೂ ಭುಜ, ಎರಡೂ ತೋಳು, ಎರಡೂ ತೊಡೆ. ಬಲಗಡೆಯದನ್ನು ಗಟ್ಟಿಯಾಗಿ ಕೂಗಬೇಕು, ಎಡಗಡೆಯದನ್ನು ಬಾಯಿ ಬಿಡದೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಗಿರಾಕಿಯ ಒಂದು ಭುಜ ಇಳಿದಿದ್ದರೆ ಬಟ್ಟೆ ಅದನ್ನು ನುಂಗಬೇಕೇ ಹೊರತು ಅವನ ಕಿವಿಗೆ ಬೀಳಬಾರದು. "ನಮಗೆ ಕಂಡದ್ದು ನಮ್ಮ ಹೊಟ್ಟೇಲೇ ಇರಲಿ ಪುಟ್ಟಿ" ಎಂದು ಅಪ್ಪ ಅವಳಿಗೆ ಹನ್ನೆರಡನೇ ವಯಸ್ಸಿಗೇ ಕಲಿಸಿದ್ದರು.

"ಬಲ ಇಪ್ಪತ್ತೆರಡು!" ಎಂದು ಕೂಗಿದಳು.

ಎಡಗಡೆಗೆ ಸುತ್ತಿದಳು. ಇಪ್ಪತ್ತಮೂರೂವರೆ. ತಪ್ಪಿರಬೇಕೆಂದು ಮತ್ತೆ ಸುತ್ತಿದಳು. ಅಷ್ಟೇ ಬಂತು. ಕಾಲಿಂಚು, ಅರ್ಧ ಇಂಚಿನ ವ್ಯತ್ಯಾಸ ದಿನಾ ಕಾಣುವುದು. ಒಂದೂವರೆ ಇಂಚನ್ನು ಅವಳು ಕಂಡದ್ದೇ ಇಲ್ಲ.

'ಹೊಲ ಗದ್ದೆ ಸುತ್ತುವವರು... ಎಡಗಾಲಿನ ಮೇಲೇ ಭಾರ ಹಾಕಿ ನಡೆಯುತ್ತಾರೋ ಏನೋ...'

"ಏನಾದ್ರೂ ತೊಂದರೆನಾ?" ಅವನು ಥಟ್ಟನೆ ಕೇಳಿದ.

"ಏನಿಲ್ಲ ಸಾರ್. ಮುಂದಿನ ಶನಿವಾರ ಬನ್ನಿ."

ಅವನ ಮುಖದಲ್ಲಿ ಒಂದು ನಿರಾಳ ಸುಳಿದುಹೋಯಿತು. ಹುಡುಗಿ ಅದನ್ನು ಗಮನಿಸಿದಳು. ತನ್ನನ್ನು ನೋಡಿಯೇ ಅವನಿಗೆ ಅಷ್ಟು ಹಿತವಾಯಿತು ಎಂದುಕೊಂಡು ಒಳಗೊಳಗೇ ಅರಳಿದಳು!

ಶನಿವಾರ ಅವನು ಹೊಸ ಪ್ಯಾಂಟು ಹಾಕಿಕೊಂಡು ಅಂಗಡಿಯೊಳಗೇ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದ.

"ಇದೇನ್ರೀ ಇದು! ಎಲ್ಲೂ ಹಿಡಿಯೋದೇ ಇಲ್ಲವಲ್ಲ! ನಿಮ್ಮ ಕೈಯಲ್ಲಿ ಏನೋ ಇದೆ."

ಕೈಯಲ್ಲಿ ಏನಿರುತ್ತದೆ? ಎಡಗಾಲಿನ ಒಳಹೊಲಿಗೆಯಲ್ಲಿ ಬಟ್ಟೆ ಹೆಚ್ಚು ಬಿಟ್ಟಿದ್ದಳು, ಎದುರಿನಿಂದ ನೋಡಿದರೆ ಎರಡೂ ಕಾಲು ಒಂದೇ ಸಮ ಕಾಣುವ ಹಾಗೆ. ಮುಚ್ಚುವುದರಲ್ಲಿ ಅವಳ ಕೈ ಎತ್ತಿದ ಕೈ. ಆ ಮಾತು ಕೇಳಿ ಅವಳು ಹೆಮ್ಮೆಪಟ್ಟಳು ಕಣ್ರೀ! ಆಮೇಲೆ ಅದೇ ಮಾತು ನೆನಪಾದಾಗಲೆಲ್ಲ ಭೂಮಿ ಬಾಯ್ತೆರೆದು ನುಂಗಬಾರದೇ ಅನ್ನಿಸುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ವಾರಕ್ಕೊಂದು ಗುಂಡಿ ಕಿತ್ತುಹೋಗಿದೆ ಎಂದು ಸರ್ವೇಯರ್ ಬರತೊಡಗಿದ.

"ಊರಲ್ಲಿ ಬೇರೆ ಯಾರ ಗುಂಡೀನೂ ಹೀಗೆ ಬೀಳಲ್ಲ. ಈ ಮನುಷ್ಯನದೇ ಯಾಕೆ?" ಅಪ್ಪ ಗೊಣಗುವರು.

"ನೂಲು ಸರಿ ಇಲ್ಲ ಅನ್ಸುತ್ತೆ ಅಪ್ಪ," ಅನ್ನುವಳು ಇವಳು, ತಲೆ ಎತ್ತದೆ.

"ನೂಲಂತೆ ನೂಲು! ಹಲ್ಲಲ್ಲಿ ಕಚ್ಚಿ ಕಿತ್ತ ಗುರುತಿದೆ ಇದರ ಮೇಲೆ."

ಒಂದು ಸಂಜೆ ಅವನು ಗುಂಡಿಯ ನೆಪವನ್ನೂ ತರದೆ ಬಂದ. "ಟೈಲರಮ್ಮ, ಒಂದು ಮಾತು. ಜನರ ಜಮೀನಿನ ಮಧ್ಯೆ ಗಡಿ ಕಲ್ಲು ನೆಡೋದು ನನ್ನ ಕೆಲಸ. ನಿಮ್ಮ ನನ್ನ ಮಧ್ಯೆ ಇರೋ ಕಲ್ಲು ಕಿತ್ತು ಹಾಕ್ಲಾ?"

ಅವಳು ಬಾಯಲ್ಲಿದ್ದ ಸೂಜಿ ತೆಗೆದು ಹೇಳಿದಳು. "ಇಷ್ಟು ದಿನ ಬೇಕಾಯ್ತಾ ಕೇಳೋಕೆ?"

ಅವತ್ತಿನಿಂದ ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂತು. ಅವಳು 'ನೀವು' ಎಂದೇ ಕರೆಯುತ್ತ ಉಳಿದಳು.

ನಾಲ್ಕನೇ ತಿಂಗಳಿಗೆ ಅವನು ಇನ್ನೊಂದು ಪ್ಯಾಂಟಿನ ಬಟ್ಟೆ ತಂದ. "ಮೊದಲಿನದು ಯಾಕೋ ಬಿಗಿ ಆಗ್ತಿದೆ. ನಿನ್ನ ನೋಡ್ತಾ ನೋಡ್ತಾ ದಪ್ಪ ಆಗ್ತಿದೀನಿ."

ಸೊಂಟ ಅಷ್ಟೇ ಇತ್ತು. ಬಲ ತೊಡೆ ಇಪ್ಪತ್ತೆರಡೇ. ಎಡ... ಇಪ್ಪತ್ತೈದು! ಟೇಪು ಎಳೆಯುವಾಗ ಬಟ್ಟೆಯ ಕೆಳಗೆ ಅವಳ ಅಂಗೈಗೆ ಏನೋ ಗಟ್ಟಿಯಾದದ್ದು ತಗುಲಿತು. 

'ಕೇಳಲಾ...? ಏನೆಂದು ಕೇಳುವುದು? ನಿಮ್ಮ ಎಡ ತೊಡೆ ದಪ್ಪಗಿದೆ ಎಂದೇ? ಮದುವೆಯಾಗದ ಹುಡುಗಿ ಆಡುವ ಮಾತೇ ಇದು? ಬೇಜಾರು ಮಾಡಿಕೊಂಡರೆ? ಅಪ್ಪ ಬೇರೆ ಅಲ್ಲೇ ಕೂತಿದ್ದಾರೆ...'

"ಬಲ ಇಪ್ಪತ್ತೆರಡು!" ಎಂದು ಕೂಗಿದಳು. ಎಡಗಡೆಯದನ್ನು ಬರೆದು ಪುಸ್ತಕ ಮುಚ್ಚಿದಳು.

ಅಯ್ಯೋ ಹುಡುಗಿ! ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಬೈಯಬೇಕೆನಿಸುತ್ತದೆ. ಆದರೆ ಬೈಯುವ ಮುಂಚೆ, ಪ್ರೀತಿಸಿದವರ ಬಗ್ಗೆ ನಮಗೆ ಕಂಡದ್ದನ್ನೆಲ್ಲ ನಾವೆಷ್ಟು ಜನ ಬಾಯಿಬಿಟ್ಟು ಹೇಳಿದ್ದೇವೆ ಎಂದೂ ಯೋಚಿಸಬೇಕಾಗುತ್ತದೆ.

ಮೂರು ತಿಂಗಳು ಕಳೆಯಿತು. ಕೊನೆಯ ಮೂರು ವಾರ ಅವನ ಸುಳಿವೇ ಇರಲಿಲ್ಲ. ಕೆಲಸದ ಮೇಲೆ ದೂರ ಹೋಗಿದ್ದೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಒಂದು ಮಧ್ಯಾಹ್ನ ಬಂದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತ. ಒಳಗೆ ಬರಲಿಲ್ಲ. ಅವಳೇ ಹೊರಗೆ ಓಡಿದಳು.

"ಎಲ್ಲಿ ಹೋಗಿದ್ರಿ? ಮುಖ ಯಾಕೆ ಹೀಗಾಗಿದೆ?"

"ಆಸ್ಪತ್ರೆ ಸುತ್ತುತ್ತಿದ್ದೆ. ಎಡ ತೊಡೇಲಿ ಗಡ್ಡೆ ಇದೆಯಂತೆ. ಎಂಆರ್‌ಐ ಮಾಡಿದ್ರು. ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿದ್ರು... ಕ್ಯಾನ್ಸರ್ ಅಂತೆ. ಮೂಳೇದಲ್ಲ, ಮಾಂಸದ್ದು. ಸಾರ್ಕೋಮಾ ಅಂತಾರಂತೆ. ಇಂಥದ್ದೊಂದು ಕಾಯಿಲೆ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಒಂದು ಚೂರೂ ನೋವಿರಲಿಲ್ಲ ಕಣೆ!"

"ಯಾವಾಗಿಂದ...?"

"ಡಾಕ್ಟರೂ ಅದನ್ನೇ ಕೇಳಿದ್ರು. ಎರಡು ತಿಂಗಳಿಂದ ಅಂದೆ," ಎಂದ ಅವನು, ರಸ್ತೆಯ ಕಡೆ ನೋಡುತ್ತ.

ಎರಡು ತಿಂಗಳಲ್ಲ... ಏಳು! ಒಳಗೆ ಮೇಜಿನ ಮೇಲಿದ್ದ ಅಳತೆ ಪುಸ್ತಕದಲ್ಲಿ ಅವಳ ಕೈಬರಹದಲ್ಲೇ ತಾರೀಕಿನ ಸಮೇತ ಇತ್ತು. ಈಗಲಾದರೂ ಹೇಳಬೇಕೆಂದು ಅವಳು ಬಾಯಿ ತೆರೆದಳು.

"ಕಾಫಿ... ಕುಡೀತೀರಾ?"

ಬಂದದ್ದು ಅಷ್ಟೇ. ಕಾಫಿ ತರಲು ಒಳಗೆ ಹೋದವಳು ಬಟ್ಟೆಯ ಥಾನುಗಳ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಳುವುದಕ್ಕೂ ತನಗೆ ಯೋಗ್ಯತೆಯಿಲ್ಲ ಅನ್ನಿಸಿತು.

ಡಾಕ್ಟರಮ್ಮನ ಕೋಣೆಗೆ ಮೂವರು ಹೋದರು. ಅವನು, ಅವನ ಅಕ್ಕ, ಇವಳು. ಅಪ್ಪ ಅಮ್ಮ ಇಲ್ಲದ ಅವನನ್ನು ಬೆಳೆಸಿದ್ದು ಅಕ್ಕನೇ.

"ಹನ್ನೊಂದು ಸೆಂಟಿಮೀಟರ್," ಡಾಕ್ಟರಮ್ಮ ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸಿದರು. "ತೊಡೆ ಮುಂಭಾಗದ ಸ್ನಾಯುಗಳ ಒಳಗಡೆ, ಆಳದಲ್ಲಿದೆ. ಇದು ಹರಡಿದ್ರೆ ಮೊದಲು ಹೋಗೋದು ಶ್ವಾಸಕೋಶಕ್ಕೆ. ಎದೆ ಸ್ಕ್ಯಾನ್‌ನಲ್ಲಿ ಸದ್ಯ ಏನೂ ಇಲ್ಲ, ಅದೊಂದು ಒಳ್ಳೇದು."

"ಕಾಲು ತೆಗೆದುಬಿಡ್ತೀರಾ ಡಾಕ್ಟ್ರೇ?" ಅಕ್ಕ ಕೇಳಿಯೇಬಿಟ್ಟರು.

"ಹಿಂದೆ ತೆಗೀತಿದ್ರು. ಈಗ ಹತ್ತರಲ್ಲಿ ಒಂಬತ್ತು ಜನರಿಗೆ ಕಾಲು ಉಳಿಸ್ತೀವಿ. ಮೊದಲು ಐದು ವಾರ ರೇಡಿಯೇಷನ್, ಆಮೇಲೆ ಆಪರೇಷನ್. ಆದ್ರೆ ಗಡ್ಡೆ ಒಂದನ್ನೇ ತೆಗೆದ್ರೆ ಮತ್ತೆ ಬರುತ್ತೆ. ಸುತ್ತ ಇರೋ ಒಳ್ಳೇ ಮಾಂಸನೂ ಸೇರಿಸಿ ತೆಗೀಬೇಕು. ಮೊದಲಿನ ಹಾಗೆ ನಡೆಯೋದು, ಮೆಟ್ಟಿಲು ಹತ್ತೋದು ಕಷ್ಟ ಆಗುತ್ತೆ."

"ಜೀವಕ್ಕೆ...?"

"ಸುಳ್ಳು ಹೇಳಲ್ಲಮ್ಮ. ಇಷ್ಟು ದೊಡ್ಡದಾದ ಮೇಲೆ, ಹತ್ತು ಜನರಲ್ಲಿ ಆರು ಜನ ಐದು ವರ್ಷ ದಾಟ್ತಾರೆ. ಚಿಕ್ಕದಿದ್ದಾಗ ಬಂದಿದ್ರೆ ಇನ್ನೂ ಹೆಚ್ಚು ಹೇಳ್ತಿದ್ದೆ."

ಅವನು ತಲೆ ತಗ್ಗಿಸಿದ. ಇವಳು ತನ್ನ ಎರಡೂ ಕೈಗಳನ್ನು ಚೀಲದ ಕೆಳಗೆ ಮುಚ್ಚಿಕೊಂಡಳು, ಕೈ ನೋಡಿದರೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಅನ್ನುವ ಹಾಗೆ.

'ಚಿಕ್ಕದಿದ್ದಾಗ ಅದು ನನ್ನ ಟೇಪಿನೊಳಗಿತ್ತು...'

ಇಪ್ಪತ್ತೈದು ದಿನ ರೇಡಿಯೇಷನ್ ನಡೆಯಿತು. ಇಪ್ಪತ್ತೈದು ದಿನವೂ ಅವಳು ಅಂಗಡಿ ಬಿಟ್ಟು ಅವನ ಜೊತೆ ಹೋದಳು. ನರ್ಸುಗಳು "ಎಂಥ ಹುಡುಗಿ! ಪುಣ್ಯ ಮಾಡಿದ್ರಿ ನೀವು" ಎಂದು ಅವನಿಗೆ ಹೇಳುವರು. ಆ ಹೊಗಳಿಕೆ ಅವಳಿಗೆ ಕೆನ್ನೆಗೆ ಬಾರಿಸಿದ ಹಾಗೆ ಆಗುತ್ತಿತ್ತು. ದಿನಾ ಬೆಳಿಗ್ಗೆ 'ಇವತ್ತು ಹೇಳಿಬಿಡುತ್ತೇನೆ' ಎಂದುಕೊಂಡು ಹೊರಡುವಳು. ದಿನಾ ಒಂದಲ್ಲ ಒಂದು ಕಾರಣ. ಅವನಿಗೆ ಸುಸ್ತು, ಅವನ ಅಕ್ಕ ಜೊತೆಗಿದ್ದಾರೆ, ಆಪರೇಷನ್ ಮುಗಿಯಲಿ... ನಿಜವಾದ ಕಾರಣ ಒಂದೇ. ಹೇಳಿದ ಮೇಲೆ ಅವನು ತನ್ನನ್ನು ನೋಡುವ ನೋಟ ಬದಲಾಗುತ್ತದೆ. ಆ ನೋಟವನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಆಪರೇಷನ್ ಆಯಿತು. ಕಾಲು ಉಳಿಯಿತು. ತೊಡೆಯ ಮುಂದಿನ ಸ್ನಾಯುಗಳಲ್ಲಿ ಮುಕ್ಕಾಲು ಭಾಗ ಹೋಯಿತು. ರೇಡಿಯೇಷನ್ ತಿಂದ ಚರ್ಮ ಬೇಗ ಕೂಡಿಕೊಳ್ಳಲಿಲ್ಲ. ಮಂಡಿಯ ಹತ್ತಿರ ಗಾಯದ ತುದಿ ಬಿಚ್ಚಿಕೊಂಡು ನೀರಾಡುತ್ತಿತ್ತು. ಎರಡು ವಾರದಲ್ಲಿ ಮನೆಗೆ ಹೋಗಬೇಕಾದವನು ಮೂರನೇ ವಾರವೂ ಹಾಸಿಗೆಯಲ್ಲೇ ಉಳಿದ.

ಒಂದು ಬೆಳಿಗ್ಗೆ ನರ್ಸು ಪಟ್ಟಿ ಬಿಚ್ಚಿದಾಗ ಅವಳು ಮಂಚದ ಪಕ್ಕದಲ್ಲೇ ಇದ್ದಳು. ಬಿಳಿ ಬಟ್ಟೆ ಸುರುಳಿ ಸುರುಳಿಯಾಗಿ ಕಳಚುತ್ತ ಬಂದಂತೆ ಅವಳು ತಟಕ್ಕನೆ ಗೋಡೆಯ ಕಡೆ ಮುಖ ತಿರುಗಿಸಿದಳು. ಕಣ್ಣು ಬಿಗಿಯಾಗಿ ಮುಚ್ಚಿದಳು.

ಅವನು ನೋಡಿದ. ನರ್ಸು ಹೋದ ಮೇಲೆ ಕೇಳಿದ.

"ನೀನು ಈ ಕಾಲನ್ನ ಒಂದು ಸಲಾನೂ ನೋಡಿಲ್ಲ, ಅಲ್ವಾ?"

"ಹಾಗಲ್ಲ..."

"ರೇಡಿಯೇಷನ್‌ಗೆ ಹೋಗ್ವಾಗಲೂ ನೋಡ್ತಿರಲಿಲ್ಲ. ನಾನು ಗಮನಿಸ್ತಾನೇ ಇದ್ದೆ. ಹೇಸಿಗೆ ಆಗೋದು ಸಹಜ ಕಣೆ. ನಿನ್ನದೇನೂ ತಪ್ಪಿಲ್ಲ."

ನಿನ್ನದೇನೂ ತಪ್ಪಿಲ್ಲ...! ಇಡೀ ಪ್ರಪಂಚದಲ್ಲಿ ಅವಳು ಕೇಳಲಾರದ ಮಾತು ಅದೊಂದೇ.

"ನೀವು ತಪ್ಪು ತಿಳ್ಕೊಂಡಿದೀರಾ..."

"ಸರಿ, ಹಾಗಾದ್ರೆ ಏನು ಅಂತ ಹೇಳು. ಹೇಳು. ಯಾಕೆ ಮುಖ ತಿರುಗಿಸ್ತೀಯ?"

ಹೇಳಬಹುದಿತ್ತು. ಬಾಗಿಲು ಅವನೇ ತೆರೆದಿದ್ದ. ಅವಳು ಹೊದಿಕೆಯ ಅಂಚು ಸರಿಮಾಡತೊಡಗಿದಳು.

"ಬಲವಂತಕ್ಕೆ ಯಾರೂ ನನ್ನ ಜೊತೆ ಇರಬೇಕಾಗಿಲ್ಲ," ಎಂದ ಅವನು ಕೊನೆಗೆ. "ನಾಳೆಯಿಂದ ಬರಬೇಡ. ನಿನಗೆ ಕೈಮುಗೀತೀನಿ."

ಅವಳು ಹೋದಳು. ತನ್ನ ಮೇಲೆ ಹೇಸಿಗೆಯ ಆಪಾದನೆ ಹೊತ್ತುಕೊಂಡೇ ಹೋದಳು. ಅದಕ್ಕಿಂತ ದೊಡ್ಡದನ್ನು ಮುಚ್ಚಿಡಲು ಅದೇ ಅನುಕೂಲವಾಯಿತಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡಳು.

ಎರಡು ತಿಂಗಳು ಅವಳು ಯಾರ ಅಳತೆಯನ್ನೂ ಸರಿಯಾಗಿ ತೆಗೆಯಲಿಲ್ಲ. ಒಬ್ಬರ ತೋಳು ಗಿಡ್ಡ, ಇನ್ನೊಬ್ಬರ ಕಾಲರ್ ಬಿಗಿ. ಅಪ್ಪ ಏನೂ ಕೇಳಲಿಲ್ಲ. ಹುಡುಗನಿಗೆ ಕಾಯಿಲೆ, ಅದಕ್ಕೇ ಮಗಳು ಕೊರಗುತ್ತಾಳೆ ಎಂದುಕೊಂಡಿದ್ದರು.

ಒಂದು ದಿನ ಅವನ ಅಕ್ಕ ಒಂದು ಚೀಲ ಹಿಡಿದುಕೊಂಡು ಬಂದರು. ಇವಳ ಮುಖ ನೋಡಲಿಲ್ಲ. ಮಾತೆಲ್ಲ ಅಪ್ಪನ ಜೊತೆಗೇ.

"ಮಂಡಿ ಮಡಚಿಕೊಂಡು ಬೀಳಬಾರದು ಅಂತ ಪಟ್ಟಿ ಕಟ್ಟಿದ್ದಾರೆ ಯಜಮಾನರೇ. ಅದರ ಮೇಲೆ ಬರೋ ಹಾಗೆ ಈ ಪ್ಯಾಂಟಿನ ಎಡಗಾಲು ಸಡಿಲ ಮಾಡಿಕೊಡಿ. ಅವನು ಇಲ್ಲಿಗೆ ಕೊಡಬೇಡ ಅಂದ. ಬೇರೆಯವರಿಗೆ ಬಿಚ್ಚೋಕೆ ಬರಲ್ಲ ಈ ಹೊಲಿಗೆ."

ಅಕ್ಕ ಹೋದ ಮೇಲೆ ಅಪ್ಪ ಕನ್ನಡಕ ಏರಿಸಿ ಅಳತೆ ಪುಸ್ತಕ ತೆಗೆದರು. ಹಾಳೆ ಮಗುಚಿದರು. ಒಂದು ಕಡೆ ನಿಂತರು. ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು.

"ಪುಟ್ಟಿ... ಇದು ನೀನು ಬರೆದಿದ್ದಾ?"

ಅವಳು ಹೊಲಿಗೆ ಮೆಷಿನ್ ನಿಲ್ಲಿಸಿದಳು.

"ಒಂದೂವರೆ ಇಂಚು. ಆಮೇಲೆ ಮೂರು ಇಂಚು! ಮೂರು ಇಂಚು ಕಂಡೂ ನೀನು ಏನೂ ಕೇಳಲಿಲ್ವಾ ಆ ಹುಡುಗನ್ನ?"

"ನೀವೇ ಹೇಳಿದ್ದು ಅಪ್ಪ! ಕಂಡದ್ದು ಹೊಟ್ಟೇಲಿರಲಿ ಅಂತ ನೀವೇ ಹೇಳಿಕೊಟ್ಟಿದ್ದು!"

"ಅದು ಬೊಜ್ಜಿಗೆ ಹೇಳಿದ್ದು ಕಣೇ! ಗೂನು ಬೆನ್ನಿಗೆ ಹೇಳಿದ್ದು! ಮನುಷ್ಯ ನಾಚಿಕೆ ಪಡಬಾರದು ಅಂತ ಹೇಳಿದ್ದು, ಮನುಷ್ಯನೇ ಹೋಗಿಬಿಡಲಿ ಅಂತಲ್ಲ..." ಅಪ್ಪನ ದನಿ ಒಡೆಯಿತು. ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ನಲವತ್ತು ವರ್ಷ ಎಷ್ಟು ಜನರದ್ದು ಹೀಗೆ ಮುಚ್ಚಿ ಹೊಲಿದೆನೋ ನಾನು."

ಅಪ್ಪ ಅತ್ತದ್ದನ್ನು ಅವಳು ನೋಡಿದ್ದು ಅಮ್ಮ ತೀರಿಹೋದ ದಿನ ಮಾತ್ರ.

"ಹೋಗು," ಎಂದರು ಅವರು ಕಣ್ಣೊರೆಸಿಕೊಂಡು. "ಈ ಪುಸ್ತಕ ತಗೊಂಡು ಹೋಗಿ ಹೇಳು. ಬೈದರೆ ಬೈಸಿಕೋ. ಕ್ಷಮಿಸು ಅಂತ ಮಾತ್ರ ಕೇಳಬೇಡ. ಅದನ್ನ ಕೊಡೋದು ಬಿಡೋದು ಅವನಿಗೆ ಸೇರಿದ್ದು."

ಅವನು ಅಕ್ಕನ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು, ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು ಎಡಗಾಲನ್ನು ಎತ್ತುವ ಅಭ್ಯಾಸ ಮಾಡುತ್ತಿದ್ದ. ಗೇಣುದ್ದ ಏರಿ ಕಾಲು ಬಿದ್ದುಹೋಗುತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಅವನ ಮುಖ ಒಂದು ಕ್ಷಣ ಬೆಳಗಿತು, ಮರುಕ್ಷಣ ಮುಚ್ಚಿಕೊಂಡಿತು.

"ಅಕ್ಕ ಕೆಲಸಕ್ಕೆ ಹೋಗಿದಾಳೆ."

"ನಿಮ್ಮ ಹತ್ರಾನೇ ಬಂದಿದ್ದು." ಅವಳು ಪುಸ್ತಕವನ್ನು ಅವನ ತೊಡೆಯ ಮೇಲೆ ಬಿಡಿಸಿಟ್ಟಳು. ನಿಂತೇ ಮಾತಾಡಿದಳು, ಕೂತರೆ ಧೈರ್ಯ ಹೋಗುತ್ತದೆಂದು. "ಇದು ನೀವು ಮೊದಲನೇ ಸಲ ಬಂದಾಗ ಬರೆದಿದ್ದು. ಇದು ಎರಡನೇ ಸಲ. ಎಡಗಾಲು ಮಾತ್ರ ನೋಡಿ. ನನಗೆ ಗೊತ್ತಿತ್ತು. ಡಾಕ್ಟರಮ್ಮ ಚಿಕ್ಕದಿದ್ದಾಗ ಬಂದಿದ್ರೆ ಅಂದ್ರಲ್ಲ, ಆಗ ಅದು ನನ್ನ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ. ಹೇಸಿಗೆ ಆಗಿ ಮುಖ ತಿರುಗಿಸಿದ್ದಲ್ಲ. ನಾಚಿಕೆ... ಸಾಯೋ ಅಷ್ಟು ನಾಚಿಕೆ."

ಅವನು ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದ.

"ಎರಡನೇ ಸಲ ಕೈಗೆ ಸಿಕ್ತಾ?"

"ಸಿಕ್ತು. ಗಟ್ಟಿಯಾಗಿತ್ತು."

"ಆಮೇಲೆ ಏನು ಮಾಡಿದೆ?"

"ಬಟ್ಟೆ... ಎರಡು ಬೆರಳು ಹೆಚ್ಚು ಬಿಟ್ಟು ಹೊಲಿದೆ."

ಅವನು ನಕ್ಕ. ಕೇಳುವಂಥ ನಗುವಾಗಿರಲಿಲ್ಲ ಅದು. ಪುಸ್ತಕ ಮುಚ್ಚಿ ಅವಳ ಕಡೆ ಚಾಚಿದ.

"ಹೋಗು. ಈಗ ಇಲ್ಲಿಂದ ಹೋಗು."

ಅವಳು ಹೋದಳು. ಈ ಸಲ ಅಳಲಿಲ್ಲ. ಎಲ್ಲ ಮುಗಿಯಿತು ಅನ್ನಿಸಿತು. ಆದರೂ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳು ತಲೆ ಎತ್ತಿ ರಸ್ತೆಯಲ್ಲಿ ನಡೆದಳು.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕೋಲಿನ ಸದ್ದು ಕೇಳಿಸಿತು. ಮೂರೇ ಮೆಟ್ಟಿಲು. ಅವನು ಒಂದೊಂದನ್ನೂ ಬಲಗಾಲಿನಲ್ಲಿ ಏರಿ, ಎಡಗಾಲನ್ನು ಹಿಂದಿನಿಂದ ಎಳೆದುಕೊಂಡು ಬಂದು ನಿಂತ. ಮೈಯೆಲ್ಲ ಬೆವರು.

ಅಪ್ಪ ತಕ್ಷಣ ಎದ್ದರು. "ನಾನು ನೂಲು ತರ್ತೀನಿ."

ನೂಲಿನ ಡಬ್ಬಿ ತುಂಬಿ ತುಳುಕುತ್ತಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

"ನಾಲ್ಕು ದಿನ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ," ಎಂದ ಅವನು ಅಪ್ಪ ಹೊರಗೆ ಹೋದ ಮೇಲೆ. "ಎಷ್ಟು ಹಾಯಾಗಿತ್ತು ಗೊತ್ತಾ? ಬೈಯೋಕೆ ನೀನು ಸಿಕ್ಕಿದ್ದೆಯಲ್ಲ. ನನ್ನನ್ನ ನಾನು ಬೈಕೊಳ್ಳೋದು ತಪ್ಪಿತ್ತು."

"ನಿಮ್ಮನ್ನ ಯಾಕೆ?"

"ಹುಟ್ಟಿದಾಗಿಂದ ರೆಡಿಮೇಡ್ ಹಾಕ್ಕೊಂಡಿದ್ದವನು ಅವತ್ತು ಯಾಕೆ ನಿನ್ನ ಅಂಗಡಿಗೆ ಬಂದೆ ಅಂತ ನೀನು ಕೇಳಲೇ ಇಲ್ಲ." ಅವನ ಕಣ್ಣು ನೆಲದ ಮೇಲಿತ್ತು. "ಇದ್ದ ಪ್ಯಾಂಟೆಲ್ಲ ಎಡಗಡೆ ಹಿಡಿಯೋಕೆ ಶುರುವಾಗಿತ್ತು. ಮೂರು ಅಂಗಡಿ ಸುತ್ತಿದೆ, ಯಾವುದೂ ಹತ್ತಲಿಲ್ಲ. ಸ್ನಾನ ಮಾಡುವಾಗ ಕೈಗೆ ಸಿಗ್ತಿತ್ತು ಅದು. ಎಷ್ಟೋ ದಿನದಿಂದ! ಬೇರೆ ಯಾರಾದ್ರೂ ಆಗಿದ್ರೆ ಡಾಕ್ಟರ ಹತ್ರ ಹೋಗ್ತಿದ್ರು. ನಾನು ಟೈಲರ್ ಹತ್ರ ಬಂದೆ! ನೀನು ಏನಿಲ್ಲ ಸಾರ್ ಅಂದೆಯಲ್ಲ... ಅಳೆಯೋ ಕೆಲಸದವಳೇ ಏನಿಲ್ಲ ಅಂದಮೇಲೆ ಏನೂ ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

"ಡಾಕ್ಟರಿಗೆ ಎರಡು ತಿಂಗಳು ಅಂದಿದ್ದು...?"

"ಸುಳ್ಳು. ಓದಿ ಬರೆದವನು ವರ್ಷದ ಹತ್ರ ಸುಮ್ಮನಿದ್ದೆ ಅನ್ನೋಕೆ ನಾಚಿಕೆ. ನಿನ್ನೆ ಹೋಗಿ ನಿಜ ಹೇಳಿದೆ. ಚೆನ್ನಾಗಿ ಬೈದ್ರು."

"ಆಮೇಲೆ?"

"ಬೇಗ ಬಂದಿದ್ರೆ ಒಳ್ಳೇದಿತ್ತು, ಎಷ್ಟು ಒಳ್ಳೇದಿತ್ತು ಅಂತ ನಾನೂ ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ ಅಂದ್ರು."

ಅವಳಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು. "ಎಲ್ಲ ಗೊತ್ತಿದ್ದೂ ನನಗೆ ಹೇಸಿಗೆ ಅಂದ್ರಲ್ಲ! ಬರಬೇಡ ಅಂದ್ರಲ್ಲ! ಎರಡು ತಿಂಗಳು ನಾನು ಹೇಗಿದ್ದೆ ಅಂತ ಗೊತ್ತಾ ನಿಮಗೆ?"

"ಅದಕ್ಕೂ ಸೇರಿಸಿ ನಾಚಿಕೆ ಆಗ್ತಿದೆ ಕಣೆ."

ಅವಳ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. "ನೀವು ನಿಮ್ಮದು ಹೇಳಿದ್ರೆ ನನ್ನದು ಅಳಿಸಿ ಹೋಗಲ್ಲ," ಎಂದಳು ಮೆಲ್ಲಗೆ.

"ಗೊತ್ತು. ನಿನ್ನ ತಪ್ಪು ತಪ್ಪೇ. ನನ್ನದೂ ತಪ್ಪೇ. ನಾಲ್ಕು ದಿನ ಕೂತು ಯೋಚಿಸಿದೆ, ಎರಡೂ ಹಾಗೇ ಇವೆ. ಆದ್ರೂ ನೀನಿಲ್ಲದೆ ಇರೋಕಾಗ್ತಿಲ್ಲ... ಏನು ಮಾಡಲಿ ಹೇಳು?"

ಅವಳು ಅವನ ಮುಂದೆ ನೆಲದ ಮೇಲೆ ಕೂತಳು.

"ತೋರಿಸಿ," ಎಂದಳು.

ಅವನು ಇಸ್ತ್ರಿ ಮೇಜಿಗೆ ಒರಗಿ, ಅಪ್ಪ ಸಡಿಲ ಮಾಡಿಕೊಟ್ಟಿದ್ದ ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಮಡಚಿದ. ಮಂಡಿಯ ಪಟ್ಟಿ ಬಿಚ್ಚಿದ. ಕೊನೆಯ ಕಟ್ಟನ್ನು ಅವಳೇ ಬಿಡಿಸಿದಳು. ಅವಳು ಮುಖ ತಿರುಗಿಸಲಿಲ್ಲ. ಎಲ್ಲವನ್ನೂ ನೋಡಿದಳು.

"ಏನು ಕಾಣ್ತಿದೆ?" ಅವನು ಉಸಿರು ಬಿಗಿಹಿಡಿದು ಕೇಳಿದ.

"ದೊಡ್ಡ ಗಾಯ. ಮಂಡಿಯ ಮೇಲೆ ಹಳ್ಳ ಬಿದ್ದಿದೆ. ತೊಡೆ ಬಲಗಾಲಿನ ಅರ್ಧ ಆಗಿದೆ. ಚರ್ಮ ಕಪ್ಪಾಗಿದೆ." ಅವಳು ಬೆರಳ ತುದಿಯಿಂದ ಗಾಯದ ಗುಂಟ ಕೆಳಗೆ ಬಂದಳು. "ಹೊಲಿಗೆ ಮೇಲಿಂದ ಚೆನ್ನಾಗಿ ಬಂದು ಇಲ್ಲಿ ಕೊನೇಲಿ ಸೊಟ್ಟ ಆಗಿದೆ. ಅವಸರ ಮಾಡಿದ್ದಾರೆ."

"ಡಾಕ್ಟರಮ್ಮನಿಗೆ ಹೇಳಲಾ?"

"ಹೇಳಿ. ನಮ್ಮಂಗಡೀಲಾಗಿದ್ರೆ ಬಿಚ್ಚಿಸಿ ಮತ್ತೆ ಹೊಲಿಸ್ತಿದ್ದೆ!"

ಅವನಿಗೆ ನಗು ಬಂತು. ಅವಳಿಗೂ ಬಂತು. ನಗುತ್ತ ನಗುತ್ತಲೇ ಇಬ್ಬರಿಗೂ ಅಳು ಉಕ್ಕಿತು. ಅವಳು ಅವನ ಮಂಡಿಗೆ ಹಣೆಯಿಟ್ಟಳು, ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಬೀದಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು ಹಾಗೇ ಇದ್ದರು.

"ನಾಳೆ ಹತ್ತೂವರೆಗೆ ಎದೆ ಸ್ಕ್ಯಾನ್," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. "ಆಪರೇಷನ್ ಆದಮೇಲೆ ಮೊದಲನೇದು. ಇನ್ನು ಮೂರು ತಿಂಗಳಿಗೊಮ್ಮೆ ಇದ್ದದ್ದೇ. ಆಮೇಲೆ ಆರು ತಿಂಗಳಿಗೊಮ್ಮೆ. ಐದು ವರ್ಷ... ನಾಳೆ ಏನು ಬರುತ್ತೋ ಗೊತ್ತಿಲ್ಲ. ಬಹಳ ಹೆದರಿಕೆ ಆಗ್ತಿದೆ ಕಣೆ."

"ನನಗೂ."

"ಬರ್ತೀಯಾ ಜೊತೆಗೆ?"

"ಬೇಡ ಅಂದ್ರೂ ಬರ್ತೀನಿ."

ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಇಂಥ ಹೊತ್ತಲ್ಲಿ ಮದುವೆ ಆಗ್ತೀಯಾ ಅಂತ ಕೇಳೋಕೆ ನನಗೆ ಮುಖ ಇಲ್ಲ."

"ಹೂಂ ಅನ್ನೋಕೆ ನನಗೂ ಮುಖ ಇಲ್ಲ."

"ಹಾಗಾದ್ರೆ...?"

"ಹೂಂ."

ಅವಳು ಎದ್ದು ಕುರ್ಚಿಯನ್ನು ಅವನ ಹಿಂದಕ್ಕೆ ಎಳೆದಳು.

"ಮೊದಲು ಕೂತ್ಕೊಳ್ಳಿ. ಆ ಕಾಲು ನಡುಗ್ತಿದೆ."

"ಇಲ್ಲ ಇಲ್ಲ, ನಿಂತ್ಕೋತೀನಿ..."

"ನಡುಗ್ತಿದೆ. ನನಗೆ ಕಾಣ್ತಿದೆ. ಕೂತ್ಕೊಳ್ಳಿ."

ಅವನು ಕೂತ.